ಜಾವಾ ಪಾಠಕ್ಕೆ ‘ವಿಕಟಕವಿ’ಯೂ ಬರಲಿ

ಮಾನ್ಯರೇ,

ಪದವಿ ತರಗತಿಗಳಲ್ಲಿ ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಸುವಾಗ, ಸ್ಟ್ರಿಂಗ್ (ಪಠ್ಯವನ್ನು ಹಿಡಿದಿಡುವ ಅಕ್ಷರಮಾಲೆ) ಅಧ್ಯಾಯ ಬಂದೊಡನೆ ‘ಮೇಡಂ’, ‘ಲೆವೆಲ್’ ಮುಂತಾದ ಇಂಗ್ಲಿಷ್ ಪದಗಳು ಹಿಂದಿನಿಂದ ಓದಿದರೂ ಒಂದೇ ಆಗಿರುತ್ತವೆಯೇ ಎಂದು ಪರೀಕ್ಷಿಸುವ ಪ್ರೋಗ್ರಾಂ ಬರೆಸುವುದು ವಾಡಿಕೆ. ಅದೇ ಪ್ರೋಗ್ರಾಮಿಗೆ ‘ವಿಕಟಕವಿ’ ಎಂಬ ಪದವನ್ನು ಕೊಟ್ಟರೆ, ತೆನಾಲಿ ರಾಮಕೃಷ್ಣನ ಕಥೆ ಕೇಳಿ ಬೆಳೆದ ಮಕ್ಕಳಿಗೂ ತಿಳಿದಿರುವುದನ್ನು ಅದು ಅಲ್ಲಗಳೆಯುತ್ತದೆ. ಜಾವಾದ ಸ್ಟ್ರಿಂಗ್ ಎಣಿಸುವುದು ನಾವು ಓದುವ ಅಕ್ಷರಗಳನ್ನಲ್ಲ, ಪಠ್ಯವನ್ನು ಕಂಪ್ಯೂಟರಿನಲ್ಲಿ ಬರೆದಿಡುವ ಯುಟಿಎಫ್-16 ಪದ್ಧತಿಯ ಸಂಕೇತಗಳನ್ನು. ‘ವಿ’ಯಲ್ಲಿ ವಕಾರಕ್ಕೊಂದು, ಗುಡಿಸಿಗೊಂದು ಸಂಕೇತವಿರುವುದರಿಂದ ಐದಕ್ಷರದ ಈ ಪದದ ಉದ್ದ 7 ಎಂಬ ಉತ್ತರ ಬರುತ್ತದೆ. ಪದವನ್ನು ತಿರುಗಿಸಲು ಜಾವಾದ ಸ್ಟ್ರಿಂಗ್‌ಬಿಲ್ಡರ್‌ನಲ್ಲಿರುವ ರಿವರ್ಸ್ ಮೆಥಡ್ ಬಳಸಿದರೆ ಒಂದು ಗುಡಿಸು ಪದದ ಆರಂಭದಲ್ಲಿ ಅನಾಥವಾಗಿ ನಿಂತು, ಇನ್ನೊಂದು ಕಕಾರಕ್ಕೆ ಅಂಟಿಕೊಳ್ಳುತ್ತದೆ. ಗುಣಿತವೇ ಇಲ್ಲದ ‘ಕನಕ’ ಮಾತ್ರ ಪಾರಾಗುತ್ತದೆ!

ಜಾವಾದಲ್ಲೇ ಇರುವ ಬ್ರೇಕ್‌ಇಟರೇಟರ್ ಎಂಬ ಕ್ಲಾಸ್ (ಸಿದ್ಧ ಪ್ರೋಗ್ರಾಂ ಘಟಕ) ಪದವನ್ನು ಅಕ್ಷರಗಳಾಗಿ ಬಿಡಿಸಿಕೊಡುತ್ತದೆಯಾದ್ದರಿಂದ ‘ವಿಕಟಕವಿ’ಯ ಮಟ್ಟಿಗೆ ಪರಿಹಾರ ಸುಲಭ. ಒತ್ತಕ್ಷರಗಳದು ಬೇರೆಯೇ ಕಥೆ. ಆರು ಸಂಕೇತಗಳ ‘ಸ್ತ್ರೀ’ ನಮಗೆ ಒಂದೇ ಅಕ್ಷರ. ಆದರೆ ಒತ್ತಕ್ಷರವನ್ನು ಒಡೆಯದಿರಲೆಂದು 2023ರಲ್ಲಿ ಎಲ್ಲ ಲಿಪಿಗಳಿಗೆ ಸಂಕೇತ ನಿಗದಿಪಡಿಸುವ ಯುನಿಕೋಡ್ ಮಾನದಂಡದ 15.1ನೇ ಆವೃತ್ತಿ ಸೇರಿಸಿದ ನಿಯಮ ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಲಿಪಿಗಳಿಗೆ ಅನ್ವಯಿಸಿತೇ ಹೊರತು ಕನ್ನಡಕ್ಕಲ್ಲ. ಹೀಗಾಗಿ ಆ ಆವೃತ್ತಿಯ ಪ್ರಕಾರ ‘ಸ್ತ್ರೀ’ ಮೂರು ತುಂಡು. ನೆರೆಯ ತೆಲುಗಿಗೆ ಸಿಕ್ಕಿದ್ದು ನಮಗೆ ಸಿಗದಿದ್ದುದರ ಬಗ್ಗೆ ಕನ್ನಡ ತಂತ್ರಾಂಶ ವಲಯದಲ್ಲಿ ಇನ್ನಷ್ಟು ಚರ್ಚೆ ನಡೆಯಬೇಕಿತ್ತು.

ಹೋಲಿಕೆಯಲ್ಲೂ ತೊಡಕಿದೆ. ‘ಕೋ’ ಎಂಬಲ್ಲಿನ ಓಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಮೂರು ಸಂಕೇತಗಳಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಎರಡು ಪದ ಒಂದೇ ಎಂದು ಪರೀಕ್ಷಿಸುವ ಜಾವಾದ ಈಕ್ವಲ್ಸ್ ಮೆಥಡ್‌ಗೆ ಮಾತ್ರ ಬೇರೆ ಬೇರೆ. ಎರಡನ್ನೂ ಒಂದೇ ರೂಪಕ್ಕೆ ತರುವ ನಾರ್ಮಲೈಸರ್ ಕ್ಲಾಸ್ ಇದನ್ನು ಸರಿಪಡಿಸುತ್ತದೆ. ಆದರೆ ‘ಸಾಫ್ಟ್‌ವೇರ್’ ಎಂದು ಟೈಪಿಸುವಾಗ ಟಕಾರದ ಬಳಿ ಸೇರುವ, ಕಣ್ಣಿಗೆ ಕಾಣದ ಬೇರ್ಪಡಿಸುವ ಸಂಕೇತವನ್ನು ಅದು ತೆಗೆಯುವುದಿಲ್ಲ. ಪ್ರೋಗ್ರಾಂ ಬರೆಯುವವರೇ ಹುಡುಕಾಟಕ್ಕೆ ಮುನ್ನ ತೆಗೆಯಬೇಕು. ಕನ್ನಡದಲ್ಲಿ ಹೆಸರು ಹುಡುಕುವ ಜಾಲತಾಣಗಳು ದಾಖಲೆ ಇದ್ದರೂ ‘ಲಭ್ಯವಿಲ್ಲ’ ಎನ್ನುವುದಕ್ಕೆ ಇದೂ ಒಂದು ಕಾರಣವಾಗಬಲ್ಲದು.

ಇಂಥ ತಂತ್ರಾಂಶಗಳನ್ನು ನಾಳೆ ಬರೆಯುವವರು ಇಂದಿನ ವಿದ್ಯಾರ್ಥಿಗಳೇ ಆದ್ದರಿಂದ, ವಿಶ್ವವಿದ್ಯಾಲಯಗಳ ಪಠ್ಯಕ್ರಮ ಸಮಿತಿಗಳು ಜಾವಾ ಪ್ರಯೋಗಾಲಯದ ಅಭ್ಯಾಸಗಳಲ್ಲಿ ಗುಣಿತ, ಒತ್ತಕ್ಷರಗಳಿರುವ ಕನ್ನಡ ಪದಗಳನ್ನು ಕಡ್ಡಾಯವಾಗಿ ಸೇರಿಸಬೇಕು ಮತ್ತು ಪರೀಕ್ಷೆಯಲ್ಲೂ ಅವುಗಳ ಮೇಲೆ ಪ್ರಶ್ನೆ ಕೇಳಬೇಕು.

– ಕಂಪ್ಯೂಟರ್ ವಿಜ್ಞಾನದ ಉಪನ್ಯಾಸಕ, ಧಾರವಾಡ