ಹೂ ಕಟ್ಟುವ ಕೈಗೆ ಬೆಲೆ ಕಟ್ಟುವ ಕೆಲಸ

ಮಾನ್ಯ ಸಂಪಾದಕರೇ,

ಕಳೆದ ವಾರ ತಮ್ಮ ವಾಚಕರ ಅಂಕಣದಲ್ಲಿ ಓದುಗರೊಬ್ಬರು, ಅಪಘಾತ ಪರಿಹಾರದ ಕೇಸು ನಡೆಸುವ ವಕೀಲರೆಲ್ಲ ಪರರ ಸಂಕಟದಲ್ಲಿ ಲಾಭ ಹುಡುಕುವವರು ಎಂದು ಬರೆದಿದ್ದರು. ದಾವಣಗೆರೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಮೋಟಾರು ವಾಹನ ಅಪಘಾತ ಪರಿಹಾರ ನ್ಯಾಯಮಂಡಳಿ ಮತ್ತು ಜಿಲ್ಲಾ ಗ್ರಾಹಕರ ಆಯೋಗಗಳಲ್ಲೇ ಹೆಚ್ಚಾಗಿ ವಕಾಲತ್ತು ವಹಿಸುತ್ತಾ ಬಂದಿರುವ ನನಗೆ ಆ ಮಾತಿನಿಂದ ನೋವಾಯಿತು. ಅದರಲ್ಲಿ ಒಂದು ಪಾಲು ನಿಜವೂ ಇರುವುದರಿಂದ ಸುಮ್ಮನಿರಲಾಗದೆ ಈ ಪತ್ರ ಬರೆಯುತ್ತಿದ್ದೇನೆ.

ನಾನು ಈ ಕೆಲಸಕ್ಕೆ ಬಂದದ್ದು ನಮ್ಮ ತಂದೆಯವರ ಕಾರಣದಿಂದ. ಅವರು ಎಪಿಎಂಸಿ ಯಾರ್ಡಿನಲ್ಲಿ ಹಮಾಲರಾಗಿದ್ದರು. 1991ರಲ್ಲಿ ಒಂದು ದಿನ ಚೀಲ ಇಳಿಸುತ್ತಿದ್ದಾಗ, ಹಿಂದಕ್ಕೆ ಸರಿದ ಲಾರಿಗೂ ಗೋದಾಮಿನ ಗೋಡೆಗೂ ನಡುವೆ ಅವರ ಬಲಭುಜ ಸಿಕ್ಕಿಕೊಂಡಿತು. ಲಾರಿ ಮಾಲೀಕರ ಕಡೆಯವರು ಆಸ್ಪತ್ರೆಗೆ ಬಂದು, ಖರ್ಚಿಗಿರಲಿ ಎಂದು ಮೂರು ಸಾವಿರ ರೂಪಾಯಿ ಕೊಟ್ಟು, ಬರೆದು ತಂದಿದ್ದ ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡು ಹೋದರು. ಆ ಲಾರಿಗೆ ವಿಮೆ ಇತ್ತೆಂಬುದು, ವಿಮಾ ಕಂಪನಿಯಿಂದ ಪರಿಹಾರ ಕೇಳಬಹುದಾಗಿತ್ತೆಂಬುದು ನಮಗೆ ಗೊತ್ತಾದದ್ದು ಒಂದೂವರೆ ವರ್ಷದ ಮೇಲೆ, ಕೋರ್ಟಿನಲ್ಲಿ ಅಮೀನರಾಗಿದ್ದ ಬಂಧುವೊಬ್ಬರು ಮನೆಗೆ ಬಂದಾಗ. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಆಗ ಅರ್ಜಿ ಹಾಕಲು ಆರು ತಿಂಗಳ ಗಡುವಿತ್ತು. ತಕ್ಕ ಕಾರಣ ತೋರಿಸಿದರೂ ಹನ್ನೆರಡು ತಿಂಗಳು ದಾಟುವಂತಿರಲಿಲ್ಲ. 1994ರ ತಿದ್ದುಪಡಿ ಆ ಗಡುವನ್ನೇ ತೆಗೆದುಹಾಕಿತು, ನಿಜ. ಅಷ್ಟರಲ್ಲಿ ಅಪ್ಪ ಅದೇ ಯಾರ್ಡಿನಲ್ಲಿ ಎಡಗೈಯಲ್ಲಿ ಪೊರಕೆ ಹಿಡಿದು ಕಸ ಗುಡಿಸುವುದಕ್ಕೆ ಒಗ್ಗಿಕೊಂಡಿದ್ದರು, ಪರಿಹಾರದ ಮಾತನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

ಈ ವಕೀಲಿಕೆಯಲ್ಲಿ ವಾದಕ್ಕಿಂತ ಲೆಕ್ಕವೇ ಹೆಚ್ಚು. ಗಾಯಾಳುವಿನ ವಯಸ್ಸಿಗೆ ತಕ್ಕ ಗುಣಕ, ಅಂದರೆ ವರ್ಷದ ದುಡಿಮೆಯ ನಷ್ಟವನ್ನು ಗುಣಿಸಬೇಕಾದ ಅಂಕಿ, ಯಾವುದು ಎಂಬುದನ್ನು ಸುಪ್ರೀಂ ಕೋರ್ಟ್ 2009ರ ಸರಳಾ ವರ್ಮಾ ತೀರ್ಪಿನಲ್ಲಿ ನಿಗದಿ ಮಾಡಿದೆ: ಹದಿನೈದರಿಂದ ಇಪ್ಪತ್ತೈದರವರಿಗೆ 18, ಮೂವತ್ತೊಂದರಿಂದ ಮೂವತ್ತೈದರವರಿಗೆ 16, ಹೀಗೆ ವಯಸ್ಸು ಏರಿದಂತೆ ಇಳಿಯುತ್ತದೆ. ಅದು ಯಾರಿಗೂ ಬದಲಾಗದು. ವಕೀಲನ ಶ್ರಮವೆಲ್ಲ ಉಳಿದ ಎರಡು ಅಂಕಿಗಳ ಮೇಲೆ ನಿಂತಿರುತ್ತದೆ. ಆ ವ್ಯಕ್ತಿ ತಿಂಗಳಿಗೆ ಎಷ್ಟು ದುಡಿಯುತ್ತಿದ್ದರು, ಆ ಗಾಯದಿಂದ ದುಡಿಮೆ ಎಷ್ಟು ಪಾಲು ಕುಗ್ಗಿತು ಎಂಬುದನ್ನು ಅವನು ತೋರಿಸಬೇಕು. ಸಂಬಳದ ಚೀಟಿ ಇದ್ದವರಿಗೆ ಇದು ಸುಲಭ. ಬೀದಿಯಲ್ಲಿ ದುಡಿಯುವವರಿಗೆ ಎಲ್ಲವೂ ಇಲ್ಲೇ ಸಿಕ್ಕಿಬೀಳುತ್ತದೆ.

ಕೆಲವು ವರ್ಷಗಳ ಹಿಂದೆ ಹೂ ಮಾರುವ ಒಬ್ಬ ತಾಯಿ ನನ್ನ ಕಚೇರಿಗೆ ಬಂದರು, ವಯಸ್ಸು 34. ಬೈಕು ಬಡಿದು ಬಲಗೈ ಮಣಿಕಟ್ಟು ಮುರಿದಿತ್ತು. ಮೂಳೆ ಕೂಡಿದ ಮೇಲೂ ಹೆಬ್ಬೆರಳು ತೋರುಬೆರಳನ್ನು ಮುಟ್ಟುತ್ತಿರಲಿಲ್ಲ. ಕೈಯ ಅಂಗವೈಕಲ್ಯ ಶೇ 36, ಇಡೀ ದೇಹಕ್ಕೆ ಅದರ ಮೂರನೆಯ ಒಂದು ಭಾಗ ಅಂದರೆ ಶೇ 12 ಎಂದು ವೈದ್ಯರು ಬರೆದುಕೊಟ್ಟಿದ್ದರು. ನಾನು ಒಂದು ಬೆಳಗಿನ ಜಾವ ಅವರ ಮನೆಯಲ್ಲಿ ಕುಳಿತು ನೋಡಿದೆ. ಎಡಗೈಯಲ್ಲಿ ಕಾಕಡ ಮೊಗ್ಗುಗಳನ್ನು ಜೋಡಿಸಿ ಹಿಡಿಯುತ್ತಿದ್ದರು, ಆದರೆ ಬಾಳೆನಾರಿನ ಕುಣಿಕೆ ಹಾಕಿ ಎಳೆಯಬೇಕಾದ ಬೆರಳುಗಳು ಜಾರುತ್ತಿದ್ದವು, ಮೊಗ್ಗು ಮಡಿಲಿಗೆ ಉದುರುತ್ತಿತ್ತು. ಮುಂಚೆ ಇಪ್ಪತ್ತು ಮಾರು ಕಟ್ಟುತ್ತಿದ್ದ ಹೊತ್ತಿನಲ್ಲಿ ಆರು ಮಾರು ಆಗಿತ್ತು. ಆದಾಯಕ್ಕೆ ದಾಖಲೆ ಏನಿದೆ ಎಂದು ಕೇಳಿದರೆ ಏನೂ ಇಲ್ಲ ಎಂದರು. ಕೊನೆಗೆ ಹೂವಿನ ಮಂಡಿಯಲ್ಲಿ ಅವರಿಗೆ ಬಿಡಿಹೂ ಉದ್ದರಿ ಕೊಡುತ್ತಿದ್ದ ವ್ಯಾಪಾರಿಯ ಕೆಂಪು ರಟ್ಟಿನ ಪುಸ್ತಕ ನೆನಪಿಗೆ ಬಂತು. ಮೂರು ವರ್ಷಗಳ ಬರಹ, ಪ್ರತಿ ದಿನ ಎಷ್ಟು ಸೇರು ಒಯ್ದರು, ಎಷ್ಟು ಹಣ ಕಟ್ಟಿದರು ಎಂಬುದೆಲ್ಲ ಅದರಲ್ಲಿತ್ತು. ಆ ವ್ಯಾಪಾರಿ ಪುಸ್ತಕ ಹಿಡಿದು ಸಾಕ್ಷಿ ಕಟ್ಟೆ ಹತ್ತಿದರು.

ಬೇರೆಯವರು ಕಟ್ಟಿದ ಹೂವನ್ನು ಈಕೆ ಮಾರಬಹುದಲ್ಲ ಎಂದು ವಿಮಾ ಕಂಪನಿಯ ಪರ ವಕೀಲರು ಪಾಟೀ ಸವಾಲಿನಲ್ಲಿ ಕೇಳಿದರು. ಕೂಲಿ ಕೊಟ್ಟು ಕಟ್ಟಿಸಿದರೆ ಉಳಿಯುವುದೇನು ಎಂದು ಆ ತಾಯಿ ತಿರುಗಿ ಕೇಳಿದರು. ಕೈ ಕಳೆದುಕೊಂಡ ಗುಮಾಸ್ತನ ನಷ್ಟವೂ ಬಡಗಿಯ ನಷ್ಟವೂ ಒಂದೇ ಅಲ್ಲ, ದೇಹದ ವೈಕಲ್ಯವನ್ನಲ್ಲ, ದುಡಿಮೆಯ ನಷ್ಟವನ್ನು ಅಳೆಯಬೇಕು ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ರಾಜ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಕಾಲು ಕಳೆದುಕೊಂಡ ನಮ್ಮ ರಾಜ್ಯದ ತರಕಾರಿ ವ್ಯಾಪಾರಿಯೊಬ್ಬರ ಮೇಲ್ಮನವಿಯಲ್ಲಿ 2014ರಲ್ಲಿ ಅದೇ ನ್ಯಾಯಾಲಯ ದುಡಿಮೆಯ ನಷ್ಟವನ್ನು ಶೇ 85 ಎಂದು ಹಿಡಿದಿದೆ. ಈ ತೀರ್ಪುಗಳ ಬಲದಿಂದ ನ್ಯಾಯಮಂಡಳಿ ತಿಂಗಳಿಗೆ 9,000 ರೂಪಾಯಿ ಆದಾಯವನ್ನೂ ಶೇ 40ರ ನಷ್ಟವನ್ನೂ ಒಪ್ಪಿತು. ಶೇ 12ರ ಲೆಕ್ಕದಲ್ಲಿ 2,07,360 ರೂಪಾಯಿ ಆಗುತ್ತಿದ್ದ ಆ ಒಂದು ಬಾಬ್ತು 6,91,200 ರೂಪಾಯಿ ಆಯಿತು. ಕಾನೂನು ಮೊದಲಿನಿಂದಲೂ ಆಕೆಯ ಪರವಾಗಿಯೇ ಇತ್ತು. ಆ ಕೆಂಪು ಪುಸ್ತಕವನ್ನು ನ್ಯಾಯಾಲಯದವರೆಗೆ ತರುವವರು ಮಾತ್ರ ಬೇಕಿತ್ತು.

ಈಗ ಓದುಗರ ಮಾತಿನಲ್ಲಿದ್ದ ನಿಜಕ್ಕೆ ಬರುತ್ತೇನೆ. ಬಂದ ಪರಿಹಾರದಲ್ಲಿ ಇಂತಿಷ್ಟು ಪಾಲು ನನಗೆ ಎಂದು ವಕೀಲರು ಕಕ್ಷಿದಾರರೊಂದಿಗೆ ಗೊತ್ತುಮಾಡಿಕೊಳ್ಳುವುದನ್ನು ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ನಿಷೇಧಿಸಿವೆ. ಆದರೂ ಶೇಕಡಾ ಲೆಕ್ಕದ ಬಾಯಿಮಾತಿನ ಒಪ್ಪಂದ ನಮ್ಮ ವೃತ್ತಿಯಲ್ಲಿ ನಡೆದೇ ಇದೆ, ಆಸ್ಪತ್ರೆಯ ಬಾಗಿಲಲ್ಲಿ ಗಾಯಾಳುಗಳನ್ನು ಹುಡುಕುವ ಏಜೆಂಟರೂ ಇದ್ದಾರೆ. ಬಡವರ ಬಳಿ ಮೊದಲೇ ಕೊಡಲು ಹಣವಿರುವುದಿಲ್ಲ ಎಂಬ ಸಮರ್ಥನೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಅಮೆರಿಕದಲ್ಲಿ ಪಾಲಿನ ಶುಲ್ಕಕ್ಕೆ ಅವಕಾಶವಿದೆ, ಆದರೆ ಅಲ್ಲಿ ಕಕ್ಷಿದಾರರ ಸಹಿ ಇರುವ ಲಿಖಿತ ಒಪ್ಪಂದ ಬೇಕಾಗುತ್ತದೆ. ಇಲ್ಲಿ ಕದ್ದು ನಡೆಯುವುದರಿಂದ ಬರಹವೂ ಇಲ್ಲ, ಕೇಳುವವರೂ ಇಲ್ಲ. ಆ ಹೂವಿನ ತಾಯಿಗೆ ಲೋಕ ಅದಾಲತ್‌ನಲ್ಲಿ ಕಂಪನಿ ಎರಡೂವರೆ ಲಕ್ಷಕ್ಕೆ ರಾಜಿಗೆ ಬಂದಿತ್ತು. ಪಾಲಿಗೆ ಕಾದಿರುವ ವಕೀಲನಿಗೆ ಅಂದೇ ಕೈಗೆ ಬರುವ ಹಣ ಅದು, ಮುಂದಿನ ಎರಡು ವರ್ಷದ ಓಡಾಟವೂ ತಪ್ಪುತ್ತಿತ್ತು. ತನ್ನ ಲಾಭ ಒಂದು ಕಡೆ, ಕಕ್ಷಿದಾರರ ಹಿತ ಇನ್ನೊಂದು ಕಡೆ ಎಳೆಯುವಾಗ ಒಪ್ಪಿಬಿಡಿ ಎನ್ನುವ ವಕೀಲರೇ ಹೆಚ್ಚು ಎಂಬುದನ್ನು ನಾನು ನೋವಿನಿಂದಲೇ ಬರೆಯುತ್ತಿದ್ದೇನೆ.

ಗ್ರಾಹಕರ ಆಯೋಗದ ಕೆಲಸ ನನಗೆ ಇನ್ನೊಂದು ಪಾಠ ಕಲಿಸಿದೆ. ಮೊಳೆಯದ ಬೀಜ, ಹಳೆಯ ಕಾಯಿಲೆಯ ನೆಪದಲ್ಲಿ ತಿರಸ್ಕೃತವಾದ ಆರೋಗ್ಯ ವಿಮೆ ಇಂಥ ದೂರುಗಳನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ತಾವಿರುವ ಜಿಲ್ಲೆಯಲ್ಲೇ ಕೊಡಬಹುದು, 5 ಲಕ್ಷ ರೂಪಾಯಿವರೆಗೆ ಶುಲ್ಕವಿಲ್ಲ, ವಕೀಲರು ಬೇಕೇಬೇಕೆಂದೂ ಇಲ್ಲ. ಸರಳ ದೂರು ತಂದವರಿಗೆ ನೀವೇ ನಡೆಸಬಹುದು ಎಂದು ಹೇಳಿ ಕಳುಹಿಸುವುದು ನನ್ನ ರೂಢಿ. ಆದರೆ ವಕೀಲರ ಸೇವೆ ಈ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ ಎಂದು 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ತೀರ್ಪು ನೀಡಿದೆ. ವೈದ್ಯರ ವಿರುದ್ಧ ದೂರು ನಡೆಸುವ ನನ್ನ ಮೇಲೆ ನನ್ನ ಕಕ್ಷಿದಾರರು ಅಲ್ಲಿಗೆ ಬರುವಂತಿಲ್ಲ. ಹಾಗಾಗಿ ಶುಲ್ಕವೆಷ್ಟು, ಯಾವ ಕೆಲಸಕ್ಕೆ ಎಂಬುದನ್ನು ಮೊದಲ ದಿನವೇ ಕನ್ನಡದಲ್ಲಿ ಬರೆದು, ಓದಿ ಹೇಳಿ, ಒಂದು ಪ್ರತಿಯನ್ನು ಕಕ್ಷಿದಾರರಿಗೆ ಕೊಡುವುದನ್ನು ವಕೀಲರ ಸಂಘಗಳು ತಾವಾಗಿಯೇ ಕಡ್ಡಾಯ ಮಾಡಿಕೊಳ್ಳಬೇಕೆಂದು ಕೋರುತ್ತೇನೆ.

ಇನ್ನೊಂದು ಸಂಗತಿಯನ್ನು ತಮ್ಮ ಪತ್ರಿಕೆಯ ಮೂಲಕ ಓದುಗರಿಗೆ ತಲುಪಿಸಬೇಕಾಗಿದೆ. ಅಪಘಾತ ಪರಿಹಾರದ ಅರ್ಜಿಗೆ 1994ರಲ್ಲಿ ಹೋಗಿದ್ದ ಆರು ತಿಂಗಳ ಗಡುವು ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯೊಂದಿಗೆ ಮರಳಿ, 2022ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದರ ಜೊತೆಗೇ ಬಂದ ನಿಯಮಗಳ ಪ್ರಕಾರ, ಅಪಘಾತವಾದ ಹತ್ತು ದಿನಗಳೊಳಗೆ ತನಿಖಾಧಿಕಾರಿಯು ಗಾಯಾಳುವಿನ ಹಕ್ಕುಗಳನ್ನು ವಿವರಿಸುವ ಎರಡನೇ ನಮೂನೆಯನ್ನು ಅವರಿಗೋ ಅವರ ವಾರಸುದಾರರಿಗೋ ಕೊಡಬೇಕು. ನನ್ನ ಬಳಿಗೆ ಬರುವವರು ಎಕ್ಸ್‌ರೇ ಚೀಲ ತರುತ್ತಾರೆ, ಔಷಧಿ ಬಿಲ್ಲುಗಳ ಕಟ್ಟು ತರುತ್ತಾರೆ; ಆ ನಮೂನೆಯನ್ನು ತಂದವರನ್ನು ನಾನು ಇದುವರೆಗೆ ಕಂಡಿಲ್ಲ. ಅದು ಕನ್ನಡದಲ್ಲಿ ಅಚ್ಚಾಗಿ, ಅಕ್ಷರ ಬಾರದವರಿಗೆ ಓದಿ ಹೇಳುವ ಏರ್ಪಾಡಿನೊಂದಿಗೆ, ಆಸ್ಪತ್ರೆಯ ಹಾಸಿಗೆಯ ಬಳಿಗೇ ತಲುಪುವಂತೆ ಸರ್ಕಾರ ಕ್ರಮ ಕೈಗೊಳ್ಳಬೇಕು.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ವಕೀಲ, ದಾವಣಗೆರೆ