ಟೇಪ್ ಪ್ಯಾಕೇಜ್ ನಿಲ್ಲಿಸುತ್ತಿರುವ ಕುರಿತು ನಮ್ಮ ಗ್ರಾಹಕರಿಗೆ

ಮಾನ್ಯ ಗ್ರಾಹಕರಿಗೆ ನಮಸ್ಕಾರಗಳು.

ಬರುವ ತಿಂಗಳ 1ನೇ ತಾರೀಖಿನಿಂದ ನಮ್ಮ ಫಿಸಿಯೋಥೆರಪಿ ಕೇಂದ್ರದಲ್ಲಿ ಹಿಗ್ಗುವ ಬಣ್ಣದ ಟೇಪನ್ನು, ಅಂದರೆ ಕಿನೀಸಿಯೋ ಟೇಪನ್ನು, ಪ್ರತ್ಯೇಕ ಚಿಕಿತ್ಸೆಯಾಗಿ ನೀಡುವುದಿಲ್ಲ. ಆರು ಬಾರಿಯ ಪ್ಯಾಕೇಜೂ ಇರುವುದಿಲ್ಲ. ಈಗಾಗಲೇ ಹಣ ಕಟ್ಟಿರುವವರು ಉಳಿದ ಬಾರಿಗಳನ್ನು ವ್ಯಾಯಾಮ ಚಿಕಿತ್ಸೆಗೆ ಬದಲಾಯಿಸಿಕೊಳ್ಳಬಹುದು, ಬೇಡವೆಂದರೆ ಆ ಮೊತ್ತವನ್ನು ಕೌಂಟರಿನಲ್ಲಿ ವಾಪಸು ಪಡೆಯಬಹುದು.

ಜಪಾನಿನ ಕೆಂಜೊ ಕಾಸೆ 1970ರ ದಶಕದಲ್ಲಿ ರೂಪಿಸಿದ ಈ ಟೇಪು, 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಆಟಗಾರರ ಭುಜ, ಮಂಡಿಗಳ ಮೇಲೆ ಕಾಣಿಸಿಕೊಂಡ ಮೇಲೆ ಎಲ್ಲೆಡೆ ಹೆಸರಾಯಿತು. ಎಳೆದು ಅಂಟಿಸಿದರೆ ಚರ್ಮದ ಮೇಲೆ ಸಣ್ಣ ನೆರಿಗೆಗಳೆದ್ದು, ಅದರಡಿ ರಕ್ತಸಂಚಾರ ಸರಾಗವಾಗಿ ನೋವು ಇಳಿಯುತ್ತದೆ ಎಂದು ಎರಡು ದಿನದ ಕಾರ್ಯಾಗಾರದಲ್ಲಿ ನಮಗೆ ಹೇಳಿಕೊಟ್ಟರು. ನಾವೂ ಅದನ್ನೇ ನಿಮಗೆ ಹೇಳುತ್ತಾ ಬಂದೆವು. ಆದರೆ ಬ್ರೆಜಿಲ್‌ನಲ್ಲಿ ಬಹುಕಾಲದ ಸೊಂಟನೋವಿನ 148 ಮಂದಿಯ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಒಂದು ಗುಂಪಿಗೆ ನೆರಿಗೆ ಬರುವಂತೆ ಎಳೆದು, ಇನ್ನೊಂದಕ್ಕೆ ಎಳೆಯದೆ ಸುಮ್ಮನೆ ಅಂಟಿಸಿದಾಗ, ನೋವಿನಲ್ಲಾಗಲಿ ದೈನಂದಿನ ಓಡಾಟದ ತೊಂದರೆಯಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹಾಂಗ್‌ಕಾಂಗ್‌ನವರ ಪ್ರಯೋಗ ಇನ್ನೂ ಜಾಣತನದ್ದು: ಈ ಟೇಪಿನ ಬಗ್ಗೆ ಏನೂ ಕೇಳಿರದ 30 ಆರೋಗ್ಯವಂತರಿಗೆ, ಸ್ನಾಯುವನ್ನು ಅಳೆಯುವ ಸೆನ್ಸರ್ ಎಂದು ಹೇಳಿ ತೊಡೆಗೆ ಅಂಟಿಸಿದರು, ಕಾಲಿನ ಬಲ ಟೇಪು ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ ಇತ್ತು. ಭುಜದ ನೋವಿನ ಬಗ್ಗೆ ಹಲವು ಪರೀಕ್ಷೆಗಳನ್ನು ಒಟ್ಟಿಗೆ ತೂಗಿ ನೋಡಿದ 2021ರ ಕೊಕ್ರೇನ್ ವಿಮರ್ಶೆಯೂ ಖಚಿತ ಲಾಭವನ್ನು ಕಾಣಲಿಲ್ಲ.

ಟೇಪು ಹಚ್ಚಿಸಿಕೊಂಡ ಕೂಡಲೇ ಹಗುರಾಯಿತು ಎಂದು ನಿಮ್ಮಲ್ಲಿ ಅನೇಕರು ಹೇಳಿದ್ದೀರಿ, ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆ ಹಗುರಕ್ಕೆ ಎಳೆತದ ಲೆಕ್ಕಾಚಾರವಾಗಲಿ ಟೇಪಿನ ಬಣ್ಣವಾಗಲಿ ಕಾರಣವೆಂದು ಹೇಳಿ ಹಣ ಪಡೆಯುವುದು ಮಾತ್ರ ನಮಗೆ ಇನ್ನು ಸರಿಕಾಣುವುದಿಲ್ಲ.

ತರಬೇತಿಯ ವಿಷಯದಲ್ಲಿ ನಮ್ಮದೂ ಒಂದು ತಪ್ಪಿದೆ. ಮೂಲೆಗಳನ್ನು ದುಂಡಗೆ ಕತ್ತರಿಸುವುದು, ಅಂಟು ಹಿಡಿಯುವಂತೆ ಅಂಗೈಯಿಂದ ಉಜ್ಜಿ ಬಿಸಿ ಮಾಡುವುದು, ಎರಡೂ ತುದಿಗಳನ್ನು ಎಳೆಯದೆ ಇಡುವುದು ಇವನ್ನೆಲ್ಲ ಕಾರ್ಯಾಗಾರದಲ್ಲಿ ಚೆನ್ನಾಗಿಯೇ ಕಲಿಸಿದ್ದರು. ಆದರೂ ಕಳೆದ ಬೇಸಿಗೆಯಲ್ಲಿ ಗಡಿಬಿಡಿಯಲ್ಲಿ ತುದಿಯನ್ನೂ ಎಳೆದು ಅಂಟಿಸಿದ್ದರಿಂದ ಗ್ರಾಹಕರೊಬ್ಬರ ಸೊಂಟದ ಮೇಲೆ ಅಂಚಿನುದ್ದಕ್ಕೂ ಗುಳ್ಳೆಗಳೆದ್ದವು. ಪರೀಕ್ಷೆಗಳ ವರದಿಯನ್ನು ಓದಿ ತೂಗುವುದನ್ನಂತೂ ಆ ಎರಡು ದಿನಗಳಲ್ಲಿ ಯಾರೂ ಕಲಿಸಲಿಲ್ಲ, ನಾವೂ ಕೇಳಲಿಲ್ಲ. ಪ್ರಮಾಣಪತ್ರಗಳನ್ನು ಸ್ವಾಗತ ಮೇಜಿನ ಹಿಂದಿನ ಗೋಡೆಯಿಂದ ಇಳಿಸಿದ್ದೇವೆ. ಇನ್ನು ಪ್ರತಿ ಶನಿವಾರ ಮಧ್ಯಾಹ್ನ ಒಂದು ಗಂಟೆ ನಮ್ಮ ಫಿಸಿಯೋಥೆರಪಿಸ್ಟರೆಲ್ಲ ಒಟ್ಟಿಗೆ ಕುಳಿತು ಸಂಶೋಧನಾ ವರದಿಗಳನ್ನು ಓದಲಿದ್ದಾರೆ; ಆ ಹೊತ್ತಿನಲ್ಲಿ ಅಪಾಯಿಂಟ್‌ಮೆಂಟ್ ಇರುವುದಿಲ್ಲ.

ಟೇಪನ್ನು ಪೂರ್ತಿ ಕೈಬಿಡುತ್ತಿಲ್ಲ. ಉದಾಹರಣೆಗೆ, ತೋಳೆತ್ತುವಾಗಿನ ನೋವು ಟೇಪಿನಿಂದ ಅಲ್ಲೇ ಕಡಿಮೆಯಾಗಿ ವ್ಯಾಯಾಮಕ್ಕೆ ಅನುಕೂಲವಾಗುವುದಾದರೆ, ಕೆಲವು ದಿನಗಳ ಮಟ್ಟಿಗೆ ಹಚ್ಚುತ್ತೇವೆ. ಅದಕ್ಕೆ ಬೇರೆ ಶುಲ್ಕವಿಲ್ಲ. ಗಾಯ, ಚರ್ಮದ ಸೋಂಕು ಅಥವಾ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ತೊಂದರೆ ಇದ್ದರೆ ಹಚ್ಚುವುದಿಲ್ಲ. ಈಗ ಮೈಮೇಲೆ ಟೇಪು ಇರುವವರಿಗೆ ತುರಿಕೆ, ಉರಿ ಕಂಡರೆ ದಯವಿಟ್ಟು ಟೇಪು ಇರಬೇಕಾದ ಐದು ದಿನ ಮುಗಿಯಲೆಂದು ಕಾಯಬೇಡಿ; ಅಂಚಿಗೆ ಎಣ್ಣೆ ಸವರಿ, ಚರ್ಮವನ್ನು ಒತ್ತಿ ಹಿಡಿದು ನಿಧಾನವಾಗಿ ಬಿಡಿಸಿ, ನಮಗೆ ತಿಳಿಸಿ.

ವಂದನೆಗಳೊಂದಿಗೆ,
ಫಿಸಿಯೋಥೆರಪಿ ಕೇಂದ್ರದ ಪಾಲುದಾರರು