ಮೇ ತಿಂಗಳಲ್ಲಿ ದ್ರಾಕ್ಷಿ ಕೊಯ್ಲು ತೋರಿಸಿದ ಪ್ರವಾಸ ಕಂಪನಿಗೆ

ಗೆ,
ಗ್ರಾಹಕ ಸೇವೆಯ ಮುಖ್ಯಸ್ಥರು
(ಹೆಸರು ಬರೆದಿಲ್ಲ. ಫೋನ್ ಮಾಡಿದಾಗಲೆಲ್ಲ ಒಂದೊಂದು ಹೆಸರು ಹೇಳಿದ್ದಾರೆ.)

ವಿಷಯ: ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ‘ಊಟ-ವೈನ್ ವಿಶೇಷ ಪ್ರವಾಸ’ದಲ್ಲಿ ಆದ ಮೋಸ, ಅವಮಾನ ಮತ್ತು ಹಣ ವಾಪಸಾತಿ.

ಮಾನ್ಯರೇ,

ಮೊದಲು ಫೋನ್ ಮಾಡಿದೆ. ಆಮೇಲೆ ವಾಟ್ಸಾಪ್. ಆಮೇಲೆ ಈಮೇಲ್. ‘ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ’ ಅಂತ ಉತ್ತರ ಬಂತು, ಅಷ್ಟೇ. ನಿನ್ನೆ ನಿಮ್ಮಿಂದ ಮತ್ತೊಂದು ಮೆಸೇಜ್. ಐದು ಸ್ಟಾರ್ ಕೊಟ್ಟರೆ ಮುಂದಿನ ಬುಕಿಂಗ್‌ನಲ್ಲಿ ರಿಯಾಯಿತಿ ಕೊಡುತ್ತೀರಂತೆ. ಅದನ್ನು ಓದಿದ ಮೇಲೆ ಇನ್ನು ಸುಮ್ನೆ ಕೂರುವುದು ಬೇಡ ಅನಿಸಿತು. ಮರ್ಯಾದೆಯಿಂದಲೇ ಬರೆಯುತ್ತೇನೆ, ಪ್ರಯತ್ನ ಪಡುತ್ತೇನೆ.

ನಾನು ಚಿಕ್ಕಬಳ್ಳಾಪುರ ತಾಲ್ಲೂಕಿನ ದ್ರಾಕ್ಷಿ ಬೆಳೆಗಾರ. ಬೆಂಗಳೂರು ಬ್ಲೂ ಇದೆ, ಸ್ವಲ್ಪ ದಿಲ್‌ಖುಷ್ ಇದೆ. ಕುಡಿಯುವ ಚಟಕ್ಕೆ ನಾನು ಅಷ್ಟು ದೂರ ಹೋಗಿದ್ದಲ್ಲ. ನಿಮ್ಮ ಕರಪತ್ರದಲ್ಲಿ ‘ದ್ರಾಕ್ಷಿ ಕೊಯ್ಲು ಕಣ್ಣಾರೆ ನೋಡಿ, ಬೆಳೆಗಾರರ ಜೊತೆ ಮಾತಾಡಿ’ ಅಂತ ಇತ್ತು. ಅದಕ್ಕೇ ದುಡ್ಡು ಕಟ್ಟಿದೆ. ನೀವು ಕರೆದುಕೊಂಡು ಹೋಗಿದ್ದು ಮೇ ಕೊನೆಯಲ್ಲಿ. ಆಸ್ಟ್ರೇಲಿಯಾ ದಕ್ಷಿಣ ಗೋಳಾರ್ಧದಲ್ಲಿದೆ, ಅಲ್ಲಿ ದ್ರಾಕ್ಷಿ ಕೊಯ್ಯುವುದು ಹೆಚ್ಚಾಗಿ ಫೆಬ್ರವರಿ-ಮಾರ್ಚ್‌ನಲ್ಲಿ ಅಂತ ವಿದೇಶ ಪ್ರವಾಸ ಮಾರುವ ಕಂಪನಿಗೆ ನಾನು ಹೇಳಿಕೊಡಬೇಕಾ? ಹೋಗಿ ನೋಡಿದರೆ ಎಲೆ ಉದುರಿ ಬರೀ ಕಡ್ಡಿ ನಿಂತಿತ್ತು. ನಿಮ್ಮ ಟೂರ್ ಮ್ಯಾನೇಜರ್ ಅದನ್ನೇ ತೋರಿಸಿ ‘ಇದು ಆರ್ಗ್ಯಾನಿಕ್’ ಅಂದ.

ಇನ್ನು ಊಟ. ಪ್ರವಾಸದ ಹೆಸರಲ್ಲೇ ಊಟ ಇದೆ. ಮಿಲಾವಾದ ಚೀಸ್, ಕಿಂಗ್ ವ್ಯಾಲಿಯಲ್ಲಿ ಇಟಲಿ ಮೂಲದ ಮನೆಯವರ ಜೊತೆ ಮಧ್ಯಾಹ್ನದ ನಿಧಾನದ ಊಟ, ಸಸ್ಯಾಹಾರಿಗಳಿಗೆ ಪ್ರಾಣಿಯ ರೆನೆಟ್ (ಹಾಲು ಗಟ್ಟಿ ಮಾಡಲು ಕರುವಿನ ಹೊಟ್ಟೆಯಿಂದ ತೆಗೆಯುವ ಪದಾರ್ಥ) ಹಾಕದ ಚೀಸ್, ಎಲ್ಲ ಬರೆದಿದ್ದೀರಿ. ನಮಗೆ ಸಿಕ್ಕಿದ್ದು ಮೂರು ಹೊತ್ತೂ ಪನೀರ್ ಬಟರ್ ಮಸಾಲಾ ಮತ್ತು ಜೀರಾ ರೈಸ್, ಅದೂ ಮೆಲ್ಬರ್ನ್‌ನಿಂದ ಡಬ್ಬಿಯಲ್ಲಿ ತಂದು ಬಸ್ಸಿನಲ್ಲೇ ಬಿಸಿ ಮಾಡಿದ್ದು. ಮಿಲಾವಾದ ಚೀಸ್ ಅಂಗಡಿ ಮುಂದೆ ಬಸ್ ಹಾದುಹೋಯಿತು. ನನ್ನ ಹೆಂಡತಿ ಕೇಳಿದ್ದಕ್ಕೆ ಆ ಮ್ಯಾನೇಜರ್ ‘ಆಂಟಿ, ಪನೀರೂ ಚೀಸೇ ಅಲ್ವಾ’ ಅಂದ. ಪನೀರ್ ತಿನ್ನುವುದಕ್ಕೆ ವಿಮಾನ ಹತ್ತಬೇಕಿತ್ತಾ ಸ್ವಾಮಿ? ನಮ್ಮೂರ ಬಸ್ ಸ್ಟ್ಯಾಂಡ್ ಹೋಟೆಲಿನಲ್ಲೇ ಸಿಗುತ್ತೆ.

ಕಿಂಗ್ ವ್ಯಾಲಿ ತಪ್ಪಿದ್ದು ನನಗೆ ಜಾಸ್ತಿ ಬೇಜಾರು. ಅಲ್ಲಿಯ ಇಟಲಿ ಮೂಲದ ರೈತರು ಮೊದಲು ತಂಬಾಕು ಬೆಳೆಯುತ್ತಿದ್ದರು, ಆಮೇಲೆ ದ್ರಾಕ್ಷಿಗೆ ತಿರುಗಿದರು. 1999ರಲ್ಲಿ ಅಲ್ಲಿ ಪ್ರೊಸೆಕ್ಕೊ ಅನ್ನುವ ಇಟಲಿಯ ದ್ರಾಕ್ಷಿ ಗಿಡ ನೆಟ್ಟರು, ಈಗ ಆ ದಾರಿಗೇ ಪ್ರೊಸೆಕ್ಕೊ ರೋಡ್ ಅಂತ ಹೆಸರು. ಪಿರಿಯಾಪಟ್ಟಣದಲ್ಲಿ ತಂಬಾಕು ಬೆಳೆಯುವ ನನ್ನ ಭಾವಮೈದನೂ ಬಂದಿದ್ದ. ತಂಬಾಕು ಬಿಟ್ಟವರು ಹೇಗೆ ಬದುಕಿದರು ಅಂತ ಅವನಿಗೆ ಕೇಳಬೇಕಿತ್ತು. ‘ರೋಡ್ ಬಹಳ ತಿರುವು, ಡ್ರೈವರ್ ಬೇಡ ಅಂತಾರೆ’ ಅಂತ ಆ ಅರ್ಧ ದಿನವನ್ನು ಗ್ಲೆನ್‌ರೋವನ್‌ನಲ್ಲಿ ನೆಡ್ ಕೆಲ್ಲಿ ಅನ್ನುವ ದರೋಡೆಕೋರನ ದೊಡ್ಡ ಪ್ರತಿಮೆ ಮುಂದೆ ಫೋಟೋ ತೆಗೆಸುವುದರಲ್ಲಿ ಕಳೆದರು. ದರೋಡೆಕೋರನನ್ನು ನೋಡಲು ಅಷ್ಟು ದೂರ ಹೋಗಬೇಕಿರಲಿಲ್ಲ, ನಿಮ್ಮ ಬಿಲ್ಲಿಂಗ್ ಕೌಂಟರ್ ಬೆಂಗಳೂರಲ್ಲೇ ಇದೆ. (ಮರ್ಯಾದೆಯಿಂದ ಬರೆಯುತ್ತೇನೆ ಅಂದಿದ್ದೆ, ಇದೊಂದು ಬಿಟ್ಟುಬಿಡಿ.)

ಇಷ್ಟನ್ನೂ ಸಹಿಸಿಕೊಳ್ಳುತ್ತಿದ್ದೆ. ರುದರ್‌ಗ್ಲೆನ್‌ನಲ್ಲಿ ಆಗಿದ್ದನ್ನು ಮಾತ್ರ ಸಹಿಸಲ್ಲ. ನಿಮ್ಮ ಮ್ಯಾನೇಜರ್ ನಿಮಗೆ ಬೇರೆ ಕಥೆ ಹೇಳಿದ್ದಾನಂತೆ, ಆದ್ದರಿಂದ ಪೂರ್ತಿ ಕೇಳಿ.

ಮರ್ರೆ ನದಿಗೆ ಹತ್ತಿರದ ಊರು ಅದು. ತಗಡಿನ ಹಳೇ ಶೆಡ್ಡು, ಒಳಗೆ ಮರದ ಪೀಪಾಯಿಗಳು, ಮುಂದೆ ಉದ್ದನೆಯ ಮರದ ಕೌಂಟರ್. ಕೌಂಟರ್ ಹಿಂದೆ ವಯಸ್ಸಾದ ಒಬ್ಬ ಹೆಂಗಸು. ನಾವು ಇಪ್ಪತ್ತೆರಡು ಜನ. ಅವರು ಪಟ್ಟಿ ನೋಡಿ, ಹನ್ನೊಂದು ಜನಕ್ಕೆ ಮಾತ್ರ ಬುಕ್ ಆಗಿದೆಯಲ್ಲ ಅಂದರು. ನಿಮ್ಮ ಮ್ಯಾನೇಜರ್ ಮುಖದಲ್ಲಿ ಒಂದಿಷ್ಟೂ ಮುಜುಗರ ಇಲ್ಲ. ನಮ್ಮ ಕಡೆ ತಿರುಗಿ ಜೋರಾಗಿ ‘ಗಂಡ-ಹೆಂಡತಿ ಒಂದೇ ಗ್ಲಾಸಲ್ಲಿ ಅಡ್ಜಸ್ಟ್ ಮಾಡ್ಕೊಳ್ಳಿ’ ಅಂದ. ನನ್ನ ಹೆಂಡತಿ ಕುಡಿಯಲ್ಲ, ಹಾಗಾಗಿ ನಾನು ಒಂದು ಗ್ಲಾಸ್ ತೆಗೆದುಕೊಂಡೆ. ಅದನ್ನು ನೋಡಿ ಬಂದ. ‘ಆಂಟಿ ಕುಡಿಯಲ್ಲ ಅಲ್ವಾ? ಹಾಗಾದ್ರೆ ನಿಮ್ದು ಅವರ ಜೊತೆ ಶೇರ್ ಮಾಡ್ಕೊಳ್ಳಿ ಅಂಕಲ್’ ಅಂತ ನನ್ನ ಕೈಯಲ್ಲಿದ್ದ ಗ್ಲಾಸ್ ತೆಗೆದು ಪಕ್ಕದಲ್ಲಿದ್ದ ದಾವಣಗೆರೆಯ ಯಜಮಾನರಿಗೆ ಕೊಟ್ಟ. ಆ ಯಜಮಾನರು ಒಳ್ಳೆಯವರು, ಪಾಪ ಅವರಿಗೂ ನಾಚಿಕೆ. ಆದರೆ ಎಂಜಲು ಅನ್ನುವುದು ಒಂದಿದೆಯಲ್ಲ. ಇಬ್ಬರು ಹಿರಿಯರಿಗೆ ಒಂದು ಗ್ಲಾಸ್ ಕೊಟ್ಟು ಒಬ್ಬರಾದ ಮೇಲೆ ಒಬ್ಬರು ಕುಡಿಯಿರಿ ಅನ್ನುವುದು ನಿಮ್ಮ ಯಾವ ಷರತ್ತಿನಲ್ಲಿದೆ?

ಆ ಹೆಂಗಸು ಅದನ್ನು ನೋಡಿದರು. ಏನೂ ಹೇಳದೆ ಇನ್ನೊಂದು ಗ್ಲಾಸ್ ತೆಗೆದು, ಬಟ್ಟೆಯಲ್ಲಿ ಒರೆಸಿ, ನನ್ನ ಮುಂದೆ ಇಟ್ಟರು. ಅಲ್ಲಿಯ ಮಸ್ಕಟ್ ಅನ್ನುವ ಸಿಹಿ ವೈನ್ ಬಗ್ಗೆ ಹೇಳತೊಡಗಿದರು. ಹಣ್ಣು ಗಿಡದಲ್ಲೇ ಸುಕ್ಕಾಗುವವರೆಗೆ ಬಿಡುತ್ತಾರೆ, ರಸ ಹುದುಗುವಾಗ ಸ್ಪಿರಿಟ್ ಸೇರಿಸಿ ಹುದುಗುವುದನ್ನು ನಿಲ್ಲಿಸುತ್ತಾರೆ, ಅದಕ್ಕೇ ಸಿಹಿ ಉಳಿಯುತ್ತೆ, ಆಮೇಲೆ ವರ್ಷಗಟ್ಟಲೆ ಪೀಪಾಯಿಯಲ್ಲಿ. ನಾಲ್ಕು ದರ್ಜೆ: ರುದರ್‌ಗ್ಲೆನ್, ಕ್ಲಾಸಿಕ್, ಗ್ರ್ಯಾಂಡ್, ರೇರ್. ನಾನು ನನ್ನ ಹರುಕುಮುರುಕು ಇಂಗ್ಲಿಷಿನಲ್ಲಿ ಬೇರಿನ ಬಗ್ಗೆ ಕೇಳಿದೆ. ಇಲ್ಲಿ ಬೇರು ತಿನ್ನುವ ಫಿಲಾಕ್ಸೆರಾ ಹುಳ ಬಂದಿತ್ತಲ್ಲ, ಯಾವ ಬೇರಿನ ಮೇಲೆ ಕಸಿ ಕಟ್ಟುತ್ತೀರಿ, ನಮ್ಮಲ್ಲಿ ಡಾಗ್ ರಿಡ್ಜ್ ಅನ್ನುವ ಬೇರಿನ ಗಿಡ ಬಳಸುತ್ತೇವೆ ಅಂದೆ. ಅವರ ಕಣ್ಣು ಅರಳಿತು. 1899ರಲ್ಲಿ ಹುಳ ಬಂದು ತೋಟಗಳೇ ನಾಶವಾದವು ಅಂದರು. ನೀವೇನು ಬೆಳೆಯುತ್ತೀರಿ ಅಂತ ಕೇಳಿದರು. ‘ಬೆಂಗಳೂರು ಬ್ಲೂ’ ಅಂದೆ. ಅವರು ಹಿಂದಿನ ಕಪಾಟಿನಿಂದ ರೇರ್ ಬಾಟಲಿ ತೆಗೆದರು.

ಅಷ್ಟರಲ್ಲಿ ನಿಮ್ಮವನು ಬಂದ. ಅವರಿಗೆ ಇಂಗ್ಲಿಷಿನಲ್ಲಿ ಹೇಳಿದ್ದು ಇದು: ‘ಬೇಡ ಮೇಡಂ, ಇವರು ಬರೀ ರೈತರು, ವೈನ್ ಬಗ್ಗೆ ಏನೂ ಗೊತ್ತಿಲ್ಲ. ಕಡಿಮೆ ಬೆಲೆಯದು ಕೊಡಿ ಸಾಕು, ಸಿಹಿ ಇದ್ದರೆ ಖುಷಿ ಪಡ್ತಾರೆ. ನಾವು ಕಟ್ಟಿರೋದೂ ಮೊದಲನೇದಕ್ಕೆ ಮಾತ್ರ.’ ಕೆಲವರು ನಕ್ಕರು. ನಕ್ಕವರಲ್ಲಿ ಅರ್ಧ ಜನ ನನ್ನ ಹಾಗೇ ರೈತರು, ಅದು ಬೇರೆ ವಿಷಯ. ಆ ಹೆಂಗಸು ಬಾಟಲಿಯ ಮುಚ್ಚಳ ವಾಪಸ್ ಹಾಕಿದರು. ನಾನು ‘ಆ ದುಡ್ಡು ನಾನೇ ಕೊಡ್ತೀನಿ’ ಅಂದೆ. ಅವನು ವಾಚ್ ನೋಡಿ ‘ಟೈಮ್ ಇಲ್ಲ ಅಂಕಲ್, ಆಲ್ಬರಿಯಲ್ಲಿ ಶಾಪಿಂಗ್ ಇದೆ, ಐದಕ್ಕೆ ಅಂಗಡಿ ಮುಚ್ತಾರೆ’ ಅಂತ ಚಪ್ಪಾಳೆ ತಟ್ಟಿ ಎಲ್ಲರನ್ನೂ ಹೊರಗೆ ಹೊರಡಿಸಿದ, ಕುರಿ ಅಟ್ಟಿದ ಹಾಗೆ. ನಾಲ್ಕೂ ದರ್ಜೆಯ ರುಚಿ ನೋಡಿಸುತ್ತೇವೆ ಅಂತ ಕರಪತ್ರದ ಎರಡನೇ ಪುಟದಲ್ಲಿದೆ.

ಹೊರಗೆ ಬಂದ ಮೇಲೆ ಇನ್ನೊಂದು. ತೋಟದ ಬದುವಿನಲ್ಲಿ ‘ಒಳಗೆ ಬರಬೇಡಿ’ ಅಂತ ಬೋರ್ಡ್ ಇದೆ. ನಿಮ್ಮವನು ಫೋಟೋಗೆ ಅಂತ ಎಲ್ಲರನ್ನೂ ಸಾಲಿನೊಳಗೆ ನುಗ್ಗಿಸಿದ. ಆ ಹುಳ ಬೇರು ತಿನ್ನುವ ಹೇನು, ಬೂಟಿಗೆ ಅಂಟಿದ ಮಣ್ಣಿನಲ್ಲೇ ಒಂದು ತೋಟದಿಂದ ಇನ್ನೊಂದಕ್ಕೆ ಹೋಗುತ್ತೆ, ಆ ಪ್ರದೇಶ ಇವತ್ತಿಗೂ ಫಿಲಾಕ್ಸೆರಾ ಪೀಡಿತ ವಲಯ. ನಾನು ಹೋಗಲಿಲ್ಲ, ಬೇರೆಯವರಿಗೂ ಬೇಡ ಅಂದೆ. ‘ಆಸ್ಟ್ರೇಲಿಯಾದವರೇ ಸುಮ್ನಿದ್ದಾರೆ, ನಿಮಗ್ಯಾಕೆ ಅಂಕಲ್?’ ಅಂದ. ಆ ಬೂಟು ಹಾಕಿಕೊಂಡು ಅವನು ನನ್ನ ತೋಟಕ್ಕೆ ಬಂದಿದ್ದರೆ ಗೇಟಿನ ಹೊರಗೇ ನಿಲ್ಲಿಸುತ್ತಿದ್ದೆ.

ಫೋನಿನಲ್ಲಿ ನೀವು ಹೇಳಿದ್ದು ‘ಸ್ಥಳೀಯ ಕಾರಣಗಳಿಂದ ಕಾರ್ಯಕ್ರಮ ಬದಲಾಗಬಹುದು’ ಅಂತ. ಯಾವ ಸ್ಥಳೀಯ ಕಾರಣ? ಮಳೆ ಬಂತಾ? ರಸ್ತೆ ಕುಸಿಯಿತಾ? ಹನ್ನೊಂದು ಜನರ ದುಡ್ಡು ಕಟ್ಟಿ ಇಪ್ಪತ್ತೆರಡು ಜನರನ್ನು ಕರೆದುಕೊಂಡು ಹೋಗುವುದು ಯಾವ ಊರಿನ ಸ್ಥಳೀಯ ಕಾರಣ? ದುಡ್ಡು ವಸೂಲಿ ಮಾಡುವಾಗ ಮಾತ್ರ ಟಿಸಿಎಸ್ ತೆರಿಗೆ ಸಮೇತ ಒಂದು ಪೈಸೆ ಬಿಡಲಿಲ್ಲ.

ನನಗೆ ಬೇಕಾದ್ದು ಇಷ್ಟು. ತಪ್ಪಿಸಿದ ಊಟ, ರುಚಿ ನೋಡುವ ಕಾರ್ಯಕ್ರಮ, ಕಿಂಗ್ ವ್ಯಾಲಿಯ ಅರ್ಧ ದಿನ, ಇವುಗಳ ಹಣ ಎಲ್ಲ ಇಪ್ಪತ್ತೆರಡು ಜನಕ್ಕೂ ವಾಪಸ್. ನನ್ನ ಹೆಂಡತಿಗೂ ದಾವಣಗೆರೆಯ ಯಜಮಾನರಿಗೂ ಬರಹದಲ್ಲಿ ಕ್ಷಮೆ. ನನಗೆ ಕ್ಷಮೆ ಬೇಡ, ನಾನು ಬರೀ ರೈತ.

ಹದಿನೈದು ದಿನ ಕಾಯುತ್ತೇನೆ. ಆಮೇಲೆ ಫೋನ್ ಮಾಡಲ್ಲ. ಕೃಷಿ ಮೇಳದಲ್ಲಿ ನಿಮ್ಮ ಮಳಿಗೆ ಹಾಕುತ್ತೀರಲ್ಲ, ಪಕ್ಕದಲ್ಲೇ ನಿಂತು ಬಂದವರಿಗೆಲ್ಲ ನಿಮ್ಮ ಕರಪತ್ರ ಓದಿ, ಆಗಿದ್ದನ್ನೂ ಹೇಳುತ್ತೇನೆ. ಮೈಕ್ ಬೇಡ, ಗಂಟಲು ಸಾಕು. ಜೊತೆಗೆ ಗ್ರಾಹಕ ಆಯೋಗದಲ್ಲಿ ಕೇಸ್. ನಿಮ್ಮ ಫಾರಂನಲ್ಲಿ ‘ವಿವಾದಗಳೆಲ್ಲ ಮುಂಬೈ ನ್ಯಾಯಾಲಯದ ವ್ಯಾಪ್ತಿಗೆ’ ಅಂತ ಸಣ್ಣ ಅಕ್ಷರದಲ್ಲಿ ಇರುವುದನ್ನು ನೋಡಿದ್ದೇನೆ. 2019ರ ಗ್ರಾಹಕ ರಕ್ಷಣಾ ಕಾಯ್ದೆ ಪ್ರಕಾರ ದೂರುದಾರ ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು ಅನ್ನುವುದನ್ನೂ ನೋಡಿದ್ದೇನೆ. ಅಂದರೆ ಪ್ರತಿ ವಾಯಿದೆಗೂ ನೀವು ಚಿಕ್ಕಬಳ್ಳಾಪುರಕ್ಕೆ ಬರಬೇಕು. ಟೂರ್ ಮ್ಯಾನೇಜರನ್ನೂ ಕರೆದುಕೊಂಡು ಬನ್ನಿ. ಊಟದ ವ್ಯವಸ್ಥೆ ನಿಮ್ಮದೇ.

ಇಂತಿ,
ನಿಮ್ಮ ಗ್ರಾಹಕ
ಚಿಕ್ಕಬಳ್ಳಾಪುರ ತಾಲ್ಲೂಕು